ಓದಿದವರ ಪಟ್ಟಿ

ಆಲೂರಿನ ಕಡೆಯ ಸೋದರಿಯೊಬ್ಬರು ಬರೆದ ಪತ್ರವೊಂದು ಈ ತಿಂಗಳು ನಮ್ಮ ಮೇಜಿನ ಮೇಲಿದೆ. ಅಂಚೆಯಲ್ಲಿ ಬಂದ ಪತ್ರ. ನಾಲ್ಕು ಪುಟ ತುಂಬ ಇದೆ. ಕನ್ನಡದಲ್ಲಿಯೇ ಬರೆದಿದ್ದಾರೆ, ಆದರೆ ಅಲ್ಲಲ್ಲಿ ಅಕ್ಷರದ ಮೇಲೆ ತೆಲುಗಿನ ತಲೆಕಟ್ಟು ಬಂದು ಕುಳಿತಿದೆ. ನಮ್ಮ ಭಾಗದ ಹೆಣ್ಣುಮಕ್ಕಳ ಕೈಬರಹವೇ ಹಾಗೆ. ಅದನ್ನು ನೋಡಿ ನಾವು ಎಂದೂ ನಕ್ಕವರಲ್ಲ. ಪತ್ರದ ಮೊದಲ ಸಾಲಿನಲ್ಲಿಯೇ ಅವರು ಕೇಳಿದ್ದಾರೆ: "ನಾನು ಮನುಷ್ಯರನ್ನು ಕಂಡರೆ ಆಗದವಳೇ? ನನ್ನ ಸ್ವಭಾವವೇ ಕೆಟ್ಟದಾಗುತ್ತಿದೆಯೇ? ನೀವೇ ಹೇಳಬೇಕು."

ಸಂಗತಿ ಇಷ್ಟು. ಈ ಸೋದರಿಯ ಮೊಬೈಲಿನಲ್ಲಿ 27 ವಾಟ್ಸಾಪ್ ಗ್ರೂಪುಗಳಿವೆ. ಎಣಿಸಿ ಬರೆದಿದ್ದಾರೆ. ತವರಿನ ಬಳಗದ್ದು ಒಂದು, ಅತ್ತೆಯ ಮನೆಯದು ಒಂದು, ಅತ್ತೆಯ ಮನೆಯದೇ ಆದರೂ ಹಿರಿಯರನ್ನು ಸೇರಿಸದೆ ಓರಗಿತ್ತಿಯರು ಮಾಡಿಕೊಂಡದ್ದು ಇನ್ನೊಂದು. ಮಗನ ಶಾಲೆಯದು, ಮಗಳ ಟ್ಯೂಷನ್ನಿನದು, ಹತ್ತನೆಯ ತರಗತಿಯ ಸಹಪಾಠಿಗಳದು, ಡ್ವಾಕ್ರಾ ಸಂಘದ್ದು, ಓಣಿಯದು, ಭಜನೆಯವರದು. ಒಂದು ಮದುವೆಗೆಂದು ಮಾಡಿದ ಗ್ರೂಪು, ಆ ಮದುವೆಯ ಮಗುವಿಗೆ ನಾಮಕರಣವಾದ ಮೇಲೂ ನಡೆದೇ ಇದೆಯಂತೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ನೂರಾರು ಶುಭೋದಯಗಳು. ಗುರುವಾರವಾದರೆ ಮಂತ್ರಾಲಯದ ರಾಯರ ಬೃಂದಾವನದ ಚಿತ್ರ ಒಂದೊಂದು ಗ್ರೂಪಿನಲ್ಲಿಯೂ ಹತ್ತು ಹತ್ತು ಸಲ. ಪ್ರತಿಯೊಂದಕ್ಕೂ ಕೈ ಮುಗಿದ ಗುರುತನ್ನಾದರೂ ಹಾಕದಿದ್ದರೆ "ದೊಡ್ಡವಳಾದಳು" ಎಂಬ ಮಾತು ಬರುತ್ತದೆ. ಹಾಕುತ್ತ ಕುಳಿತರೆ ರೊಟ್ಟಿ ಹೊತ್ತುತ್ತದೆ. ಕಡೆಗೆ ಒಂದು ದಿನ ಅವರು ಫೋನನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಕವುಚಿ ಇಟ್ಟು, ಎಲ್ಲ ಗ್ರೂಪುಗಳ ಸದ್ದನ್ನೂ ಅಡಗಿಸಿಬಿಟ್ಟರು.

ಇಷ್ಟೇ ಆಗಿದ್ದರೆ ನಾವು ಈ ಪುಟದಲ್ಲಿ ಇದನ್ನು ಎತ್ತುತ್ತಿರಲಿಲ್ಲ. ಮುಂದಿನದನ್ನು ಕೇಳಿರಿ.

ಯುಗಾದಿಯ ರಾತ್ರಿ. ತವರಿನ ಗ್ರೂಪಿನಲ್ಲಿ ಬೇವು ಬೆಲ್ಲದ ಚಿತ್ರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅವುಗಳ ನಡುವೆ, ಒಂಬತ್ತು ಗಂಟೆಯ ಸುಮಾರಿಗೆ, ಸಿರುಗುಪ್ಪದಲ್ಲಿರುವ ಸೋದರತ್ತೆಯ ಹಿರಿಯ ಮಗಳು ಎರಡು ಸಾಲು ಹಾಕಿದ್ದಳು: ಅವ್ವನನ್ನು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ್ದೇವೆ, ನಿಮ್ಮನ್ನೆಲ್ಲ ನೋಡಬೇಕೆನ್ನುತ್ತಿದ್ದಾಳೆ. ಅದರ ಕೆಳಗೆ ಮತ್ತೆ ಶುಭಾಶಯಗಳು. ಸೋದರಿಯ ಏಳು ವರ್ಷದ ಮಗ ಚಿತ್ರ ನೋಡುವ ಆಸೆಗೆ ಆ ಗ್ರೂಪನ್ನು ತೆರೆದು, ಬೆರಳಿನಿಂದ ಮೇಲೆ ಕೆಳಗೆ ಸರಿಸಿ, ಮುಚ್ಚಿಟ್ಟ. ತಾಯಿಯ ಕಣ್ಣಿಗೆ ಆ ಎರಡು ಸಾಲು ಬೀಳಲೇ ಇಲ್ಲ. ಮೂರನೆಯ ದಿನ ಅತ್ತೆ ತೀರಿಕೊಂಡರು. ಚಿಕ್ಕಂದಿನಲ್ಲಿ ತಾಯಿ ಇಲ್ಲದ ಈ ಹುಡುಗಿಗೆ ಎರಡು ವರ್ಷ ತಲೆ ಬಾಚಿ ಜಡೆ ಹಾಕಿದ ಅತ್ತೆ ಅವರು.

ಮಣ್ಣಿಗೆ ಹೋದಾಗ ಅತ್ತೆಯ ಮಗಳು ಮಾತನಾಡಲಿಲ್ಲ. ಆಮೇಲೆ ಬೇರೆಯವರ ಬಾಯಿಂದ ತಿಳಿಯಿತು. ಆ ಸಂದೇಶವನ್ನು ಬೆರಳಿನಿಂದ ಒತ್ತಿ ಹಿಡಿದರೆ ಯಾರು ಯಾರು ಓದಿದ್ದಾರೆಂಬ ಪಟ್ಟಿ ಬರುತ್ತದಷ್ಟೆ. ಅದರಲ್ಲಿ ಇವರ ಹೆಸರಿತ್ತು, ಎದುರಿಗೆ ಗಂಟೆ ನಿಮಿಷವೂ ಇತ್ತು. "ಓದಿ ಸುಮ್ಮನಿದ್ದಳು. ನಾವೇನು ಹೊರಗಿನವರಾ?" ಎಂದಳಂತೆ.

ಓದಿದವರ ಪಟ್ಟಿಯಲ್ಲಿ ಹೆಸರಿದೆ, ಓದಿದವರು ಬೇರೆ. ಇದನ್ನು ಯಾರ ಮುಂದೆ ಹೇಗೆ ರುಜುವಾತು ಮಾಡುವುದು? ಸೋದರಿಯ ಸಂಕಟ ಇದು. ಮಗುವಿನ ಮೇಲೆ ಹಾಕಿದರೆ ನೆಪ ಹೇಳಿದಂತೆ ಕಾಣುತ್ತದೆ. ಗ್ರೂಪಿನಲ್ಲಿಯೇ ವಿವರಿಸಿ ಬರೆಯೋಣವೆಂದರೆ ಅರವತ್ತು ಜನ ಓದುತ್ತಾರೆ, ಅರವತ್ತು ಬಗೆಯಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ನಾವು ಈ ಪತ್ರವನ್ನು ಎರಡು ದಿನ ಹಾಗೆಯೇ ಇಟ್ಟುಕೊಂಡಿದ್ದೆವು. ಬೇಗ ಉತ್ತರ ಕೊಡುವಂಥದಲ್ಲ. ಏಕೆಂದರೆ ಈ ಗ್ರೂಪುಗಳ ಬಗ್ಗೆ ನಗರದ ಪತ್ರಿಕೆಗಳವರು ಬರೆಯುವ ಹಾಗೆ "ಎಲ್ಲವನ್ನೂ ಬಿಟ್ಟು ನೆಮ್ಮದಿಯಾಗಿರಿ" ಎಂದು ಬರೆಯಲು ಗಡಿಯಾಚೆಯ ನಮಗೆ ಬಾಯಿ ಬರುವುದಿಲ್ಲ. ಅದಕ್ಕೆ ಕಾರಣವುಂಟು.

ವಾಚಕರಲ್ಲಿ ಹಿರಿಯರಿಗೆ ಇದು ಹೊಸದಲ್ಲ, ಕಿರಿಯರಿಗಾಗಿ ಹೇಳುತ್ತೇವೆ. ಆದವಾನಿ, ಆಲೂರು, ರಾಯದುರ್ಗ ಈ ಮೂರೂ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರು ಅತ್ತ ಹೋದವು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ ನಡೆದು ಅದು ಮೈಸೂರಿಗೆ ಸೇರಿತು. ಸಿರುಗುಪ್ಪ, ಹೊಸಪೇಟೆಗಳೂ ಮೈಸೂರಿಗೇ ಹೋದವು. ಆದವಾನಿ, ಆಲೂರು ಕರ್ನೂಲು ಜಿಲ್ಲೆಯ ಪಾಲಾದವು, ರಾಯದುರ್ಗ ಅನಂತಪುರದ ಪಾಲಾಯಿತು. ಕಾಗದದ ಮೇಲೆ ಗೆರೆ ಎಳೆದದ್ದು ಒಂದೇ ದಿನ. ಆದರೆ ಹೊಳಗುಂದದ ಹುಡುಗಿಯನ್ನು ಸಿರುಗುಪ್ಪಕ್ಕೆ ಕೊಡುವುದು, ಕೌತಾಳಕ್ಕೆ ರಾಯಚೂರಿನ ಕಡೆಯಿಂದ ಸೊಸೆ ತರುವುದು, ಹಾಲಹರವಿಯವರು ಬಳ್ಳಾರಿಯ ಸಂತೆಗೆ ಹೋಗುವುದು ಆ ಗೆರೆಯನ್ನು ಕೇಳಿ ನಿಲ್ಲಲಿಲ್ಲ. ಹೀಗಾಗಿ ನಮ್ಮ ಒಂದೊಂದು ಮನೆತನವೂ ಎರಡು ರಾಜ್ಯಗಳಲ್ಲಿ ಹರಡಿಕೊಂಡಿದೆ. ಒಬ್ಬ ಅಣ್ಣನ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರೆ ಒಬ್ಬ ತಮ್ಮನ ಮಕ್ಕಳು ತೆಲುಗು ಶಾಲೆಯಲ್ಲಿ ಓದುತ್ತವೆ. ಮನೆಯಲ್ಲಿ ಆಡುವ ಮಾತು ಒಂದೇ, ಬರೆಯುವ ಅಕ್ಷರ ಎರಡು.

ಇಂಥ ಬಳಗವನ್ನು ಹಿಡಿದು ನಿಲ್ಲಿಸಿದ್ದು ಬಹುಕಾಲ ಕಾರ್ಡು. 1879ರಲ್ಲಿ ಕಾಲಾಣೆಗೆ ಬಂದ ಅಂಚೆ ಕಾರ್ಡು. ಉಭಯ ಕುಶಲೋಪರಿ ಎಂದು ಆರಂಭವಾಗಿ, ಮಳೆ, ಬೆಳೆ, ಎಮ್ಮೆ ಈದದ್ದು, ಮಗಳ ಸೀಮಂತ ಎಲ್ಲವೂ ಅಂಗೈಯಗಲದಲ್ಲಿ ಅಡಕವಾಗಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡವಾಗಿ ಬರೆದ "ಚಿರಂಜೀವಿಗಳಿಗೆ ಆಶೀರ್ವಾದ"ದಲ್ಲಿ ಮುಗಿಯುತ್ತಿತ್ತು. ಶುಭವಾದರೆ ಮೂಲೆಗೆ ಅರಿಸಿನ. ಅಶುಭವಾದರೆ ಹೊರಗೆ ನಿಂತು ಓದಿ, ಹರಿದು, ಕಾಲು ತೊಳೆದು ಒಳಗೆ ಬರುವುದು. ಸಾವಿನ ಸುದ್ದಿಯನ್ನಂತೂ ಹತ್ತಿರದ ಊರುಗಳಿಗೆ ಕಾರ್ಡಿನ ಮೇಲೆ ಬಿಡುತ್ತಿರಲಿಲ್ಲ, ಆಳು ಹೋಗುತ್ತಿದ್ದ. ಅವನು ಬಾಗಿಲಲ್ಲಿ ನಿಂತ ರೀತಿಯಿಂದಲೇ ಮನೆಯವರಿಗೆ ಅರ್ಧ ತಿಳಿಯುತ್ತಿತ್ತು. ನೀರು ಸಹ ಕುಡಿಯದೆ ಅವನು ಮುಂದಿನ ಊರಿಗೆ ನಡೆಯುತ್ತಿದ್ದ. ತಿಳಿಸುವುದೆಂದರೆ ಒಬ್ಬ ಮನುಷ್ಯ ಇನ್ನೊಬ್ಬನ ಬಾಗಿಲಿಗೆ ಹೋಗುವುದೆಂದೇ ಆಗ ಅರ್ಥ.

ಆದವಾನಿಯ ನೆಲದಲ್ಲಿ ಪತ್ರದ ಮಾತು ಬಂದರೆ ವೆಂಕಣ್ಣನ ಐತಿಹ್ಯ ನೆನಪಾಗದೆ ಇರದು. ದನ ಕಾಯುವ, ಅಕ್ಷರ ಬಾರದ ಹುಡುಗ. ಆದವಾನಿಯ ನವಾಬ ತನಗೆ ಬಂದ ಪತ್ರವನ್ನು ಓದೆಂದು ಅವನ ಕೈಗೆ ಕೊಟ್ಟು ಗದರಿಸಿದ. ಹುಡುಗ ರಾಘವೇಂದ್ರ ಸ್ವಾಮಿಗಳನ್ನು ನೆನೆದು ಪತ್ರ ಬಿಡಿಸಿದ, ಓದಲು ಬಂದೇಬಿಟ್ಟಿತು, ಅದರಲ್ಲಿ ಶುಭವಾರ್ತೆಯಿತ್ತು, ಹುಡುಗ ದಿವಾನನಾದ. ಭಕ್ತರು ಇದರಲ್ಲಿ ಗುರುಗಳ ಮಹಿಮೆಯನ್ನು ಕಾಣುತ್ತಾರೆ. ಅದು ಸರಿಯೇ. ನಮಗೆ ಈಗೀಗ ಇನ್ನೊಂದು ಕಾಣುತ್ತಿದೆ: ಒಂದು ಪತ್ರವನ್ನು ಓದಿಸಲು ನವಾಬನಂಥವನು ದಾರಿಯಲ್ಲಿ ಕುದುರೆ ನಿಲ್ಲಿಸಬೇಕಾಗಿದ್ದ ಕಾಲ. ಓದುವವರಿಗಾಗಿ ಪತ್ರ ಕಾಯುತ್ತಿತ್ತು. ಈಗ ಓದುವವರ ಮೇಲೆ ಪತ್ರಗಳು ಸುರಿಯುತ್ತವೆ.

ಸುರಿಯಲು ಆರಂಭವಾದದ್ದು ಹೆಚ್ಚು ಹಿಂದಲ್ಲ. ವಾಟ್ಸಾಪ್ ಹುಟ್ಟಿದ್ದು 2009ರಲ್ಲಿ, ಅಮೆರಿಕದಲ್ಲಿ, ಜಾನ್ ಕೂಮ್ ಮತ್ತು ಬ್ರಯಾನ್ ಆ್ಯಕ್ಟನ್ ಎಂಬಿಬ್ಬರ ಕೈಯಲ್ಲಿ. ಗ್ರೂಪು ಮಾಡುವ ಸೌಕರ್ಯ 2011ರಲ್ಲಿ ಬಂತು. 2014ರಲ್ಲಿ ಫೇಸ್‌ಬುಕ್ ಸಂಸ್ಥೆ ಅದನ್ನು ಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಓದಿದ್ದಕ್ಕೆ ನೀಲಿ ಗೀರು ತೋರಿಸುವ ಏರ್ಪಾಡಾಯಿತು. ನಮ್ಮ ಹಳ್ಳಿಗಳ ಮಟ್ಟಿಗೆ ದೊಡ್ಡ ತಿರುವು 2016ರ ಸೆಪ್ಟೆಂಬರ್; ಜಿಯೋ ಬಂದು ಡೇಟಾ ಎಂಬುದು ನೀರಿನಷ್ಟು ಅಗ್ಗವಾಯಿತು. (ನಮ್ಮ ಪಶ್ಚಿಮ ಕರ್ನೂಲಿನಲ್ಲಿ ನೀರು ಎಂದೂ ಅಗ್ಗವಲ್ಲ, ಆ ಮಾತು ಬೇರೆ.) ಗ್ರೂಪಿನಲ್ಲಿ 2016ರ ಹೊತ್ತಿಗೆ ನೂರು ಜನರಿಗೆ ಅವಕಾಶವಿತ್ತು, ಆ ವರ್ಷ 256 ಆಯಿತು, 2022ರಲ್ಲಿ 512, ಅದೇ ವರ್ಷ ಮತ್ತೆ 1024. 2018ರ ಹೊತ್ತಿಗೆ ಭಾರತೀಯರ ಶುಭೋದಯದ ಚಿತ್ರಗಳು ಫೋನುಗಳ ಜಾಗವನ್ನೇ ತಿಂದುಹಾಕುತ್ತಿವೆಯೆಂಬುದನ್ನು ಗೂಗಲ್ ಸಂಸ್ಥೆಯವರು ಕಂಡುಕೊಂಡು, ಅವನ್ನು ಗುರುತಿಸಿ ಅಳಿಸುವ ಸಾಧನವನ್ನು ಒದಗಿಸಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಫೋನಿನ ಜಾಗ ತೆರವಾಯಿತು. ಮನಸ್ಸಿನ ಜಾಗಕ್ಕೆ ಅಂಥ ಸಾಧನ ಬಂದಂತಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಬಳಗದ ಗ್ರೂಪಿನಲ್ಲಿ ಅರವತ್ತು ಜನ. ಒಬ್ಬರ ಹುಟ್ಟುಹಬ್ಬಕ್ಕೆ ಉಳಿದ 59 ಜನ ಒಂದೊಂದು ಶುಭಾಶಯ ಹಾಕುತ್ತಾರೆ, ಅವರು ಮರ್ಯಾದೆಯಿಂದ 59 ಜನರಿಗೂ ಧನ್ಯವಾದ ಹೇಳುತ್ತಾರೆ. ಆಯಿತು 118. ವರ್ಷದಲ್ಲಿ ಅರವತ್ತು ಹುಟ್ಟುಹಬ್ಬಗಳಿಗೆ 7080. ದಿನಕ್ಕೆ ಹತ್ತೊಂಬತ್ತರ ಮೇಲೆ. ಇನ್ನೂ ಮದುವೆಯ ವಾರ್ಷಿಕೋತ್ಸವ, ಹಬ್ಬ, ಪರೀಕ್ಷೆಯ ಫಲಿತಾಂಶ, ರಾಜಕೀಯ, ನೆಗಡಿಗೆ ಕಷಾಯ ಬಂದಿಲ್ಲ. ಇದು ಒಂದೇ ಗ್ರೂಪು. ಯಾರೊಬ್ಬರೂ ಅತಿಯಾಗಿ ಮಾತನಾಡಿಲ್ಲ ಎಂಬುದನ್ನು ಗಮನಿಸಿರಿ. ಒಬ್ಬೊಬ್ಬರೂ ಆಡಿದ್ದು ಒಂದೇ ಒಳ್ಳೆಯ ಮಾತು. ಹಾಗಾಗಿ ಈ ಹೊರೆಗೆ ಯಾರನ್ನೂ ಬೈಯಲಾಗುವುದಿಲ್ಲ, ಹೊರೆ ಮಾತ್ರ ಇದ್ದೇ ಇದೆ.

ಮದುವೆಯ ಚಪ್ಪರದಲ್ಲಿಯೂ ಅರವತ್ತು ಜನ ಸೇರುತ್ತಾರಲ್ಲ, ಅಲ್ಲಿ ತಲೆ ಸುತ್ತುವುದಿಲ್ಲವಲ್ಲ ಎನ್ನಬಹುದು. ಅಲ್ಲಿನ ಏರ್ಪಾಡು ಬೇರೆ. ಗಂಡಸರು ಕಟ್ಟೆಯ ಮೇಲೆ ಹತ್ತಿಯ ದರ ಮಾತನಾಡುತ್ತಾರೆ. ಹೆಂಗಸರು ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು ಬೀಗಿತ್ತಿಯ ಸೀರೆಯನ್ನು ತೂಗುತ್ತಾರೆ. ಹುಡುಗರು ಹಿತ್ತಿಲಿಗೆ ಹೋಗುತ್ತಾರೆ. ಮುದುಕಿಯೊಬ್ಬಳು ಮೂಲೆಯಲ್ಲಿ ಕುಳಿತು ಯಾರ ಮಾತಿಗೂ ಕಿವಿಗೊಡದೆ ಎಲೆ ಅಡಿಕೆ ಹಾಕಿಕೊಳ್ಳುತ್ತಾಳೆ. ನಮ್ಮ ಹಿರಿಯರು ಮನೆಗೆ ಜಗಲಿ, ಪಡಸಾಲೆ, ನಡುಮನೆ, ಹಿತ್ತಿಲು ಎಂದು ಕಟ್ಟಿದ್ದು ಗಾಳಿ ಬೆಳಕಿಗೆ ಮಾತ್ರವಲ್ಲ. ಮಾತನ್ನು ವಿಂಗಡಿಸುವುದಕ್ಕೂ ಕಟ್ಟಿದರು. ಗ್ರೂಪಿಗೆ ಹಿತ್ತಿಲಿಲ್ಲ. ಮೈದುನನಿಗೆ ಮಾಡಿದ ಹಾಸ್ಯವನ್ನು ಮಾವನವರು ಓದುತ್ತಾರೆ. ಮಗಳಿಗೆ ಹೇಳಿದ ಬುದ್ಧಿಯನ್ನು ಬೀಗರು ಓದುತ್ತಾರೆ. ಅರವತ್ತು ಜನರ ನಡುವೆ ಇಬ್ಬಿಬ್ಬರ ಸಂಬಂಧಗಳು 1770 ಆಗುತ್ತವೆ; ಅವುಗಳಲ್ಲಿ ಸಲಿಗೆಯವು ಕೆಲವು, ಅಂಜಿಕೆಯವು ಕೆಲವು, ಮಾತು ಬಿಟ್ಟವು ಕೆಲವು. ಒಂದು ಸಾಲು ಬರೆಯುವ ಮೊದಲು ಈ ಎಲ್ಲವನ್ನೂ ಮನಸ್ಸು ತನಗೆ ತಿಳಿಯದಂತೆಯೇ ಸವರಿ ನೋಡುತ್ತದೆ. ಸೋದರಿಗೆ ಆಗುತ್ತಿರುವ ದಣಿವು ಈ ದಣಿವೆಂದು ನಮ್ಮ ಎಣಿಕೆ. ಓದಿ ಓದಿ ಬಂದ ದಣಿವು ಅದರಲ್ಲಿ ಅರ್ಧ ಮಾತ್ರ.

ಪಂಡಿತರು ಇದನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಡೆಯಿಂದ ನೋಡಿದ್ದಾರೆ. ಬರ್ಲಿನ್ನಿನ ಗೇಯಾರ್ಗ್ ಜಿಮ್ಮೆಲ್ ಎಂಬ ವಿದ್ವಾಂಸರು 1903ರಷ್ಟು ಹಿಂದೆಯೇ, ಮಹಾನಗರದ ಮನುಷ್ಯ ದಿನವೂ ಎದುರಾಗುವ ಅಸಂಖ್ಯ ಜನರಿಗೆಲ್ಲ ಮನಸ್ಸು ಕೊಡಲಾರದೆ ತನ್ನ ಸುತ್ತ ಒಂದು ಬಗೆಯ ನಿರ್ಲಿಪ್ತತೆಯ ಪೊರೆಯನ್ನು ಬೆಳೆಸಿಕೊಳ್ಳುತ್ತಾನೆಂದು ಬರೆದರು. ಮಾಹಿತಿ ಹೆಚ್ಚಿದಷ್ಟೂ ಅದನ್ನು ಗ್ರಹಿಸಬೇಕಾದ ಗಮನಕ್ಕೆ ಬಡತನ ಬರುತ್ತದೆಂಬುದನ್ನು ಅಮೆರಿಕದ ಹರ್ಬರ್ಟ್ ಸೈಮನ್ 1971ರಲ್ಲಿ ಎತ್ತಿ ತೋರಿಸಿದರು. ಇಂಗ್ಲೆಂಡಿನ ರಾಬಿನ್ ಡನ್‌ಬಾರ್ 1992ರಲ್ಲಿ ಕಪಿಗಳ ಮಿದುಳಿನ ಗಾತ್ರವನ್ನೂ ಗುಂಪಿನ ಗಾತ್ರವನ್ನೂ ಹೋಲಿಸಿ, ಮನುಷ್ಯನು ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು ನೂರೈವತ್ತು ಎಂದು ಲೆಕ್ಕ ಹಾಕಿದರು. ಆ ಸಂಖ್ಯೆಯನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನಮಗೆ ಸಂಖ್ಯೆಯ ಹಟವಿಲ್ಲ. ಮಿತಿಯೊಂದಿದೆ ಎಂಬುದು ಸಾಕು. ಜಿಮ್ಮೆಲ್ಲರ ಮಾತು ಮಾತ್ರ ನಮ್ಮನ್ನು ತಟ್ಟಿತು. ಪಟ್ಟಣದವನಿಗೆ ಅಪರಿಚಿತರ ವಿರುದ್ಧ ಬೇಕಾದ ಪೊರೆ ಆಲೂರಿನ ಹೆಣ್ಣುಮಗಳಿಗೆ ತನ್ನ ರಕ್ತಸಂಬಂಧಿಗಳ ವಿರುದ್ಧವೇ ಬೇಕಾಯಿತಲ್ಲ! ಸದ್ದಡಗಿಸಿ ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟದ್ದು ಆ ಪೊರೆಯೇ. ಆ ಪೊರೆಯೊಳಗೆ ಸಿಕ್ಕಿ ಅತ್ತೆಯ ಕರೆಯೂ ನಿಂತುಹೋಯಿತು.

ಹಾಗಾದರೆ ಬಿಟ್ಟುಬಿಡುವುದೇ? ಬಾಯಿ ಬರುವುದಿಲ್ಲವೆಂದು ಮೊದಲೇ ಹೇಳಿದೆವು.

ಕೋಸಿಗಿ, ಕೌತಾಳ, ಮಂತ್ರಾಲಯದ ಕಡೆಯಿಂದ ಪ್ರತಿವರ್ಷವೂ ಎಷ್ಟೋ ಸಂಸಾರಗಳು ಸುಗ್ಗಿಗೆಂದು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ತೆಲಂಗಾಣದ ಹತ್ತಿ ಬಿಡಿಸುವುದಕ್ಕೂ ಹೋಗುವುದನ್ನು ಕಾಣುತ್ತೇವೆ. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋದ ತಾಯಿಗೆ ರಾತ್ರಿ ಹೊಲದ ಗುಡಾರದಲ್ಲಿ ಮಗುವಿನ ಮುಖ ತೋರಿಸುವುದು ಇದೇ ಫೋನು. ಓದು ಬಾರದವರಿಗೂ ದನಿಯ ಸಂದೇಶ ಕಳಿಸಲು ಬರುತ್ತದೆ. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ, ಎಂದೂ ನಮಗೆ ಕಾಣಿಸದಿದ್ದ 1953ರ ಗೆರೆ ಒಮ್ಮೆಲೆ ಎದ್ದು ನಿಂತಿತು. ಗಡಿಯಲ್ಲಿ ತಡೆ, ತಪಾಸಣೆ. ಸಿರುಗುಪ್ಪದ ಮಗಳು ಆದವಾನಿಯ ತಂದೆಯ ಮುಖವನ್ನು ಕಡೆಯ ಸಲ ಕಂಡದ್ದು ಬೆರಳಗಲದ ಪರದೆಯಲ್ಲಿ, ಅಂಥ ಮನೆಗಳು ನಮ್ಮ ಪರಿಚಯದಲ್ಲಿಯೇ ಇವೆ. ಇನ್ನೂ ಒಂದುಂಟು. ತೆಲುಗು ಶಾಲೆಯಲ್ಲಿ, ಇಂಗ್ಲಿಷ್ ಶಾಲೆಯಲ್ಲಿ ಓದುವ ನಮ್ಮ ಮಕ್ಕಳಿಗೆ ಮನೆಯ ಹೊರಗಿನ ಕನ್ನಡ ಕಿವಿಗೆ ಬೀಳುವ ಜಾಗ ಎಷ್ಟು? ಸಿರುಗುಪ್ಪದ ಅಜ್ಜಿ ಗ್ರೂಪಿನಲ್ಲಿ ಹಾಕುವ ದನಿ, "ಏನ್ ಮಾಡಾಕತ್ತೀರಪ್ಪಾ ಎಲ್ಲಾರೂ?" ಎಂಬ ಆ ಒಂದು ಮಾತು, ಎಷ್ಟೋ ಮಕ್ಕಳ ಪಾಲಿಗೆ ಆ ದಿನದ ಕನ್ನಡವೆಲ್ಲವೂ ಆಗಿರುತ್ತದೆ. ಕನ್ನಡವನ್ನು ಕೆಲವರು ಇಂಗ್ಲಿಷ್ ಅಕ್ಷರದಲ್ಲಿ, ಕೆಲವರು ತೆಲುಗು ಅಕ್ಷರದಲ್ಲಿ ಬರೆಯುತ್ತಾರೆ. ಬರೆಯಲಿ, ಬರೆಯುತ್ತಿದ್ದಾರಲ್ಲ.

ಶುಭೋದಯದ ಮುದುಕರನ್ನು ಹಾಸ್ಯ ಮಾಡುವುದು ಈಗ ಒಂದು ರೂಢಿ. ನಾವೂ ಮಾಡಿದ್ದೆವು. ಆದವಾನಿಯ ನಮ್ಮ ಹಿರಿಯ ಬಂಧುವೊಬ್ಬರು ಗುರುವಾರ ಬೆಳಿಗ್ಗೆ ಐದೂವರೆಗೆ ತಪ್ಪದೆ ರಾಯರ ಚಿತ್ರ ಕಳಿಸುತ್ತಾರೆ. ಪತ್ನಿಯನ್ನು ಕಳೆದುಕೊಂಡು ಒಬ್ಬರೇ ಇರುವವರು. ಒಂದು ಗುರುವಾರ ಎಂಟು ಗಂಟೆಯಾದರೂ ಚಿತ್ರ ಬರಲಿಲ್ಲ. ನಮಗೆ ಯಾಕೋ ಕಾಲು ನಿಲ್ಲದೆ ಹೋಗಿ ಬಾಗಿಲು ತಟ್ಟಿದರೆ, ಫೋನಿಗೆ ಚಾರ್ಜು ಇಲ್ಲದೆ ಕುಳಿತಿದ್ದರು. ಚಹಾ ಮಾಡಿ ಕೊಟ್ಟರು. ಆ ಚಿತ್ರದ ಅರ್ಥ ನಮಗೆ ಅಂದು ತಿಳಿಯಿತು. ಇನ್ನೂ ಇದ್ದೇನೆ ಎಂದು ಹಾಜರಿ ಹಾಕುವುದದು. ಅಂದಿನಿಂದ ಆ ಒಂದು ಚಿತ್ರಕ್ಕೆ ನಾವು ತಪ್ಪದೆ ಕೈ ಮುಗಿಯುತ್ತೇವೆ. ಉಳಿದ ಒಂಬತ್ತಕ್ಕೆ ಮುಗಿಯುವುದಿಲ್ಲ; ಅದರಿಂದ ಪಾಪ ಬಂದಂತೆ ಕಾಣಲಿಲ್ಲ.

ಬಂದದ್ದನ್ನು ನೋಡದೆ ಮುಂದಕ್ಕೆ ತಳ್ಳುವ ಚಪಲವನ್ನು ಮಾತ್ರ ನಾವು ಇಷ್ಟು ಮೃದುವಾಗಿ ಕಾಣಲಾರೆವು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಫೋನಿನಿಂದ ಫೋನಿಗೆ ಹಾರಿ ದೇಶದ ಹಲವೆಡೆ ಜೀವಗಳು ಹೋದವು. ನಮ್ಮಂತೆಯೇ ಗಡಿಯ ಜಿಲ್ಲೆಯಾದ ಬೀದರಿನಲ್ಲಿ, ಆ ವರ್ಷದ ಜುಲೈನಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣ ಇಂಜಿನಿಯರೊಬ್ಬನನ್ನು ಜನ ಹೊಡೆದು ಕೊಂದರು. ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಆ ಗುಂಪಿನವರ ತಪ್ಪಾಗಿತ್ತು. ಒಂದು ಸಂದೇಶವನ್ನು ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ವಾಟ್ಸಾಪಿನವರು ಭಾರತದಲ್ಲಿ ಮಿತಿ ಹಾಕಿದ್ದು ಆ ತಿಂಗಳಿನಲ್ಲಿಯೇ.

ಸೋದರಿಗೆ ನಾವು ಬರೆದ ಉತ್ತರದ ಮೊದಲ ಭಾಗ ಕೇವಲ ವ್ಯವಹಾರದ್ದು. ಉಳಿದವರಿಗೂ ಉಪಯೋಗವಾದೀತೆಂದು ಇಲ್ಲಿ ಕೊಡುತ್ತೇವೆ. ಕೇಳದೆ ಯಾರೂ ತಮ್ಮನ್ನು ಗ್ರೂಪಿಗೆ ಸೇರಿಸದಂತೆ ಮಾಡಿಕೊಳ್ಳುವ ಅನುಕೂಲ 2019ರಿಂದ ಇದೆ. ಗ್ರೂಪು ಬಿಟ್ಟರೆ "ಇಂಥವರು ಹೊರಟುಹೋದರು" ಎಂದು ಎಲ್ಲರೆದುರು ಡಂಗುರ ಸಾರುವ ಪದ್ಧತಿ 2022ರಲ್ಲಿ ನಿಂತು, ಈಗ ಅದರ ಸೂಚನೆ ಅಡ್ಮಿನ್ನಿಗೆ ಮಾತ್ರ ಹೋಗುತ್ತದೆ. ಆದ್ದರಿಂದ ನಾಮಕರಣವೂ ಮುಗಿದುಹೋದ ಆ ಮದುವೆಯ ಗ್ರೂಪನ್ನು ಇಂದೇ ಬಿಡಬಹುದು. ನೀಲಿ ಗೀರನ್ನು ಆರಿಸಿಟ್ಟರೂ ಅದು ಇಬ್ಬರ ನಡುವಿನ ಮಾತಿಗೆ ಮಾತ್ರ. ಗ್ರೂಪಿನ ಓದಿದವರ ಪಟ್ಟಿ ಅದರಿಂದ ಅಳಿಸುವುದಿಲ್ಲ. ಅಡ್ಮಿನ್‌ಗಳು ಮಾತ್ರ ಬರೆಯಬಲ್ಲ ಗ್ರೂಪನ್ನು ಮಾಡುವ ಸೌಕರ್ಯ 2018ರಿಂದ ಇದೆ. ಬಳಗದಲ್ಲಿ ಅಂಥದೊಂದನ್ನು ಮಾಡಿ, ಇಬ್ಬರು ಹಿರಿಯರ ಕೈಯಲ್ಲಿಟ್ಟು, ಸಾವು, ಕಾಯಿಲೆ, ಮದುವೆಯ ದಿನ ಇಷ್ಟನ್ನೇ ಅದರಲ್ಲಿ ಹಾಕುವುದಾದರೆ ಅದರ ಸದ್ದನ್ನು ಯಾರೂ ಅಡಗಿಸಬೇಕಾಗಿಲ್ಲ. ನಮ್ಮ ಬಳಗದಲ್ಲಿ ಮಾಡಿದ್ದೇವೆ. ಆರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಆ ಇಬ್ಬರು ಹಿರಿಯರಲ್ಲಿ ಒಬ್ಬರು ಅದರಲ್ಲಿಯೇ ಶುಭೋದಯ ಹಾಕಲು ತೊಡಗಿದ್ದಾರೆ.

ಉತ್ತರದ ಎರಡನೆಯ ಭಾಗ ಹೇಳುವುದು ಕಷ್ಟವಾಗಿತ್ತು. ತಪ್ಪು ಸೋದರಿಯದಲ್ಲ. ಆದರೆ ಅತ್ತೆಯ ಮಗಳದೂ ಎಂದು ನಮಗೆ ಅನಿಸಲಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತವಳು ಅರವತ್ತು ಜನರಿಗೆ ಬೇರೆ ಬೇರೆಯಾಗಿ ಹೇಳಲಾರದೆ ಒಂದು ಕಡೆ ಹಾಕಿದಳು. ಹಾಕಿದ್ದರಿಂದ ಹೇಳಿದಂತಾಯಿತೆಂದು ಅವಳು ನಂಬಿದಳು. ನಾವೆಲ್ಲರೂ ಹಾಗೆಯೇ ನಂಬಿದ್ದೇವೆ. ನೀರು ಕುಡಿಯದೆ ಮುಂದಿನ ಊರಿಗೆ ನಡೆಯುತ್ತಿದ್ದ ಆಳಿನ ಕೆಲಸವನ್ನು ಗ್ರೂಪಿಗೆ ವಹಿಸಿ ನಾವು ಹಗುರವಾದೆವು. ಅವನು ಮಾತ್ರ ಮನೆಯ ಯಜಮಾನಿ ಹೊರಗೆ ಬರುವ ತನಕ ಬಾಗಿಲಲ್ಲಿ ನಿಲ್ಲುತ್ತಿದ್ದ, ಮಗುವಿಗೆ ಹೇಳಿ ಹೋಗುತ್ತಿರಲಿಲ್ಲ. ಇಷ್ಟನ್ನು ಬರೆದು, ಗ್ರೂಪಿನಲ್ಲಿ ಒಂದಕ್ಷರವನ್ನೂ ವಿವರಿಸಬೇಡಿರಿ, ಫೋನಿನಲ್ಲಿಯೂ ಬೇಡ, ಹೋಗಿ ಬನ್ನಿರಿ ಎಂದೆವು.

ಅವರು ಹೋಗಿಬಂದರು. ಇನ್ನೊಂದು ಪತ್ರ ಬಂದಿದೆ. ಇದು ಒಂದೇ ಪುಟ. ಹೋದ ದಿನ ಅತ್ತೆಯ ಮಗಳು ಬಾಗಿಲಲ್ಲಿ "ಬಾ" ಎಂದಷ್ಟೇ ಅಂದಳಂತೆ. ಊಟಕ್ಕೆ ಹಾಕಿದಳಂತೆ. ಮಗನ ಸಂಗತಿಯನ್ನು ಇವರು ಹೇಳಿದಾಗ ನಂಬಿದಳೋ ಇಲ್ಲವೋ ತಿಳಿಯದು, ಏನೂ ಅನ್ನಲಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತಾಗ ತಾನಾಗಿಯೇ ಹೇಳಿದಳಂತೆ: ಅವ್ವ ಹೋದ ದಿನ ಗ್ರೂಪಿನಲ್ಲಿ ಬಿದ್ದ "ಓಂ ಶಾಂತಿ"ಗಳನ್ನು ತಾನು ಇವತ್ತಿಗೂ ತೆರೆದು ನೋಡಿಲ್ಲ, ಕೈ ಬರುವುದಿಲ್ಲ ಎಂದು. "ಯಾರ್ ಯಾರ್ ಹಾಕ್ಯಾರ, ಯಾರ್ ಹಾಕಿಲ್ಲ, ನನಗೂ ಗೊತ್ತಿಲ್ಲವ್ವಾ." ಹೊರಡುವಾಗ ಅತ್ತೆಯ ಒಂದು ಹಳೆಯ ಸೀರೆಯನ್ನು ಮಡಿಚಿ ಇವರ ಚೀಲದಲ್ಲಿ ಹಾಕಿದಳು.

ಬಸ್ಸು ಗಡಿ ದಾಟಿ ಹೊಳಗುಂದದ ಕಡೆ ತಿರುಗುವ ಹೊತ್ತಿಗೆ ಫೋನಿನಲ್ಲಿ ಇನ್ನೂರಕ್ಕೂ ಮೇಲೆ ಸಂದೇಶಗಳು ಕೂಡಿದ್ದವಂತೆ. ಅವನ್ನು ತೆರೆಯದೆ ಕುಳಿತಿದ್ದಾಗ ಕರೆ ಬಂತು. ಸಂದೇಶವಲ್ಲ, ಕರೆ. "ಮುಟ್ಟಿದೇನವ್ವಾ?" ಎಂದು ಕೇಳಿದಳಂತೆ. ಇನ್ನೂ ಇಲ್ಲ, ದಾರಿಯಲ್ಲಿದ್ದೇನೆ ಎಂದರೆ, "ಮುಟ್ಟಿದ ಮ್ಯಾಲ ಹೇಳು, ಫೋನ್ ಮಾಡಿ ಹೇಳು" ಎಂದು ಇಟ್ಟಳು.